ಯಯಾತಿಯ ಊರಲ್ಲಿ ಹೆಪ್ಪುಗಟ್ಟಿದ ಮಳೆ

ಕೆಲಸದ ಮೇಲೆ ಪರಊರಿಗೆ ಹೋಗಿದ್ದ ಅಪ್ಪ ಮನೆಗೆ ಬರುತ್ತಾನೆ. ಮಕ್ಕಳ ಮುಂದೆ ನಿಂತು, ನಾನು ಬಂದೆ ಎನ್ನುತ್ತಾನೆ. ದೊಡ್ಡ ಮಗ ಅವನ ಕಡೆ ನೋಡಿ, ಹೌದಾ, ಎಲ್ಲಿಗಾದರೂ ಹೋಗಿದ್ದೆಯಾ ಎಂದು ಕೇಳುತ್ತಾನೆ. ಅಪ್ಪನನ್ನು ಚುಚ್ಚಬೇಕೆಂದು ಕೇಳಿದ ಮಾತಲ್ಲ ಅದು. ಅಪ್ಪ ಮನೆಯಲ್ಲಿಲ್ಲ ಅನ್ನುವುದು ಆ ಹುಡುಗನ ಗಮನಕ್ಕೆ ನಿಜವಾಗಿಯೂ ಬಂದಿರಲಿಲ್ಲ. ಮೊದಲ ಸಲ ನೋಡುವವರಿಗೆ ಇಲ್ಲಿ ನಗು ಬರುತ್ತದೆ. ಕಥೆ ಮುಗಿಯುವಷ್ಟರಲ್ಲಿ ಆ ಹುಡುಗ ಇರುವುದಿಲ್ಲ ಎಂದು ತಿಳಿದು ಎರಡನೇ ಸಲ ನೋಡುವವರಿಗೆ ಬರುವುದಿಲ್ಲ.

ಸಿನಿಮಾದ ಹೆಸರು ‘ದಿ ಐಸ್ ಸ್ಟಾರ್ಮ್’. 1997ರಲ್ಲಿ ಬಂದದ್ದು, ನಿರ್ದೇಶಕ ತೈವಾನ್ ಮೂಲದ ಆಂಗ್ ಲೀ. ರಿಕ್ ಮೂಡಿ 1994ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಜೇಮ್ಸ್ ಶೇಮಸ್ ಚಿತ್ರಕಥೆಯಾಗಿಸಿದರು. ಅದಕ್ಕೆ ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿ ಬಂತು. ಸುಮಾರು 1.8 ಕೋಟಿ ಡಾಲರ್ ಖರ್ಚು ಮಾಡಿದ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ಅದರ ಅರ್ಧದಷ್ಟನ್ನೂ ಗಳಿಸಲಿಲ್ಲ. ಆಸ್ಕರ್‌ಗೆ ಒಂದು ನಾಮನಿರ್ದೇಶನವೂ ಸಿಗಲಿಲ್ಲ. ನೋಡಲು ಕಷ್ಟವಾದ ಸಿನಿಮಾ ಇದು, ಒಪ್ಪುತ್ತೇನೆ. ನನ್ನ ಮಟ್ಟಿಗೆ ಸಂಸಾರ, ವಯಸ್ಸು, ಮಕ್ಕಳು ಈ ಮೂರನ್ನೂ ಒಂದೇ ಉಸಿರಿನಲ್ಲಿ ಇಷ್ಟು ಪ್ರಾಮಾಣಿಕವಾಗಿ ಹಿಡಿದ ಇನ್ನೊಂದು ಚಿತ್ರ ಸಿಕ್ಕಿಲ್ಲ. ಮುಂದೆ ಕಥೆಯನ್ನೆಲ್ಲ ಹೇಳಲಿದ್ದೇನೆ. ನೋಡದವರು ಬೇಕಿದ್ದರೆ ಇಲ್ಲಿಗೇ ನಿಲ್ಲಿಸಿ, ನೋಡಿಕೊಂಡು ಬಂದು ಓದಿ.

ಕಥೆ ನಡೆಯುವುದು ಕನೆಕ್ಟಿಕಟ್ ರಾಜ್ಯದ ನ್ಯೂ ಕೇನನ್ ಎಂಬ ಊರಿನಲ್ಲಿ. ನ್ಯೂಯಾರ್ಕಿಗೆ ರೈಲಿನಲ್ಲಿ ಹೋಗಿಬಂದು ದುಡಿಯುವ ಗಂಡಸರ ಊರು. ಸ್ಟ್ಯಾಮ್‌ಫರ್ಡಿನಲ್ಲಿ ಮುಖ್ಯ ಹಳಿಯಿಂದ ಕವಲೊಡೆದು ಬರುವ ಸಣ್ಣ ಮಾರ್ಗ ಇಲ್ಲಿಗೆ ಮುಗಿಯುತ್ತದೆ. ಸಬರ್ಬ್ ಎಂದ ಕೂಡಲೇ ಒಂದೇ ಅಚ್ಚಿನ ಮನೆಗಳ ಸಾಲನ್ನು ಕಲ್ಪಿಸಿಕೊಳ್ಳಬೇಡಿ. ಇದು ಹಣವಂತರ ಊರು. ಒಂದೊಂದು ಮನೆಗೂ ಎಕರೆಗಟ್ಟಲೆ ಜಾಗ, ನಡುವೆ ಕಾಡು. ಪಕ್ಕದ ಮನೆಯ ದೀಪ ಕಾಣಬೇಕಾದರೂ ಮರಗಳ ಎಲೆ ಉದುರಿರಬೇಕು. 1940ರ ದಶಕದ ಕೊನೆಯಿಂದ ಹಾರ್ವರ್ಡಿನ ನಂಟಿದ್ದ ಕೆಲವು ವಾಸ್ತುಶಿಲ್ಪಿಗಳು ಇಲ್ಲಿ ನೆಲೆಸಿ ಗಾಜು, ಉಕ್ಕು, ಚಪ್ಪಟೆ ಸೂರುಗಳ ಆಧುನಿಕ ಮನೆಗಳನ್ನು ಕಟ್ಟಿದರು. ಫಿಲಿಪ್ ಜಾನ್ಸನ್ 1949ರಲ್ಲಿ ತನಗಾಗಿ ಕಟ್ಟಿಕೊಂಡ ಗಾಜಿನ ಮನೆ ಇರುವುದು ಇದೇ ಊರಿನಲ್ಲಿ. ಸಿನಿಮಾದ ಎರಡು ಕುಟುಂಬಗಳ ಪೈಕಿ ಕಾರ್ವರ್‌ಗಳ ಮನೆಯೂ ಆ ಜಾತಿಯದು. ಎಲ್ಲ ಕಡೆಯಿಂದ ಬೆಳಕು ಬರುವ ಆ ಮನೆಯೊಳಗೆ ಯಾರೂ ಯಾರನ್ನೂ ಸರಿಯಾಗಿ ನೋಡುವುದಿಲ್ಲ.

ಕಾಲ 1973ರ ನವೆಂಬರ್, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ. ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿವೆ. ವಾಟರ್‌ಗೇಟ್ ಹಗರಣ ಅಧ್ಯಕ್ಷ ನಿಕ್ಸನ್‌ನ ಕೊರಳಿಗೆ ಬಿಗಿಯುತ್ತಿದೆ. ನಾನು ವಂಚಕನಲ್ಲ ಎಂದು ಆತ ದೇಶದ ಮುಂದೆ ಹೇಳಿದ್ದು ಅದೇ ನವೆಂಬರ್ 17ರಂದು, ಹಬ್ಬಕ್ಕೆ ಐದು ದಿನ ಮುಂಚೆ. ಮನೆಮನೆಯ ಟೀವಿಯಲ್ಲಿ ಅವನ ಮುಖ. ದೇಶದ ಯಜಮಾನ ಸುಳ್ಳು ಹೇಳುವುದನ್ನು ಮಕ್ಕಳು ಪಡಸಾಲೆಯಲ್ಲಿ ಕೂತು ನೋಡುತ್ತಾರೆ, ಮನೆಯ ಯಜಮಾನನ ಸುಳ್ಳನ್ನು ಊಟದ ಮೇಜಿನಲ್ಲಿ ಕೇಳುತ್ತಾರೆ.

ಹುಡ್ ಕುಟುಂಬದಲ್ಲಿ ಬೆನ್ (ಕೆವಿನ್ ಕ್ಲೈನ್), ಹೆಂಡತಿ ಎಲೆನಾ (ಜೋನ್ ಆಲನ್), ಬೋರ್ಡಿಂಗ್ ಶಾಲೆಯಲ್ಲಿ ಓದುವ 16ರ ಮಗ ಪಾಲ್ (ಟೋಬಿ ಮಗ್ವಾಯರ್), 14ರ ಮಗಳು ವೆಂಡಿ (ಕ್ರಿಸ್ಟೀನಾ ರಿಚಿ). ಕಾಡಿನ ಆಚೆಬದಿಯ ಕಾರ್ವರ್ ಕುಟುಂಬದಲ್ಲಿ ಜಿಮ್ (ಶುರುವಿನಲ್ಲಿ ಹೇಳಿದ ಅಪ್ಪ ಇವನೇ), ಅವನ ಹೆಂಡತಿ ಜೇನಿ (ಸಿಗೋರ್ನಿ ವೀವರ್), ಮಕ್ಕಳು ಮೈಕಿ ಮತ್ತು ಸ್ಯಾಂಡಿ. ಬೆನ್‌ಗೂ ಜೇನಿಗೂ ಸಂಬಂಧ ಇದೆ. ಎಲೆನಾಳಿಗೆ ವಾಸನೆ ಹತ್ತಿದೆ, ಬಾಯಿ ಬಿಟ್ಟು ಹೇಳಿಲ್ಲ.

ಈ ಸಿನಿಮಾದ ಮಾತು ಬಂದಾಗ ಎಲ್ಲರೂ ಮೊದಲು ಎತ್ತುವುದು ಕಾರಿನ ಕೀಲಿಗಳ ಪಾರ್ಟಿ. ದಂಪತಿಗಳು ಒಬ್ಬರ ಮನೆಯಲ್ಲಿ ಸೇರುತ್ತಾರೆ, ಗಂಡಸರು ತಮ್ಮ ಕೀಲಿಯನ್ನು ಒಂದು ಬಟ್ಟಲಿಗೆ ಹಾಕುತ್ತಾರೆ, ಹೊರಡುವ ಹೊತ್ತಿಗೆ ಹೆಂಗಸರು ಕಣ್ಣುಮುಚ್ಚಿ ಒಂದೊಂದನ್ನು ಎತ್ತಿ ಆ ಕೀಲಿಯ ಗಂಡಸಿನ ಜೊತೆ ಹೋಗುತ್ತಾರೆ. ಇದನ್ನೇ ಮುಂದಿಟ್ಟುಕೊಂಡು, ನೋಡಿ ಅಮೆರಿಕದವರ ಸಂಸಾರ ಎಂದು ಮೂಗು ಮುರಿಯುವುದು ಸುಲಭ. ನಮ್ಮವರು ಹಾಗೆ ಮೂಗು ಮುರಿದದ್ದನ್ನು ಕೇಳಿದ್ದೇನೆ. ಹಾಗೆ ನೋಡಿದರೆ ಈ ಸಿನಿಮಾ ನಮ್ಮಿಂದ ದೂರವೇ ಉಳಿಯುತ್ತದೆ. ನಾನು ಇದನ್ನು ಬೇರೆ ಬಾಗಿಲಿನಿಂದ ಹೊಕ್ಕೆ. ಆ ಬಾಗಿಲು ನಮ್ಮದೇ ಮಹಾಭಾರತದಲ್ಲಿದೆ.

ಯಯಾತಿಯ ಕಥೆ ನಮಗೆಲ್ಲ ಗೊತ್ತಿದ್ದದ್ದೇ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪು ಬಂದಾಗ ಆತ ತನ್ನ ಮಕ್ಕಳ ಮುಂದೆ ಕೈಚಾಚುತ್ತಾನೆ. ನಿಮ್ಮ ಯೌವನ ಕೊಡಿ, ನನ್ನ ಮುಪ್ಪು ತೆಗೆದುಕೊಳ್ಳಿ. ಉಳಿದವರು ಒಲ್ಲೆ ಎಂದಾಗ ಕಿರಿಯ ಪೂರು ಒಪ್ಪುತ್ತಾನೆ. ಚಿಕ್ಕವರಿದ್ದಾಗ ನಮಗೆ ಇದನ್ನು ಪೂರುವಿನ ಪಿತೃಭಕ್ತಿಯ ಕಥೆಯಾಗಿ ಹೇಳಿದರು. ಮಕ್ಕಳಿರುವ ವಯಸ್ಸಿನಲ್ಲಿ ನೆನೆಸಿಕೊಂಡರೆ ಬೇರೆಯದೇ ಕಾಣುತ್ತದೆ. ಒಬ್ಬ ತಂದೆ ತನ್ನ ಹಸಿವು ತೀರಿಲ್ಲವೆಂದು ಮಗನ ಬದುಕಿನ ಒಂದು ಭಾಗವನ್ನೇ ಕಿತ್ತುಕೊಂಡ ಕಥೆ ಅದು. ‘ದಿ ಐಸ್ ಸ್ಟಾರ್ಮ್’ ಕೂಡ ಅದೇ ಕಥೆ. ಇಲ್ಲಿ ಕೇಳಿ ಪಡೆಯುವ ಮರ್ಯಾದೆಯೂ ಇಲ್ಲ. ದೊಡ್ಡವರು ಮಕ್ಕಳ ವಯಸ್ಸನ್ನು ಸುಮ್ಮನೆ ಎತ್ತಿಕೊಂಡು ಬಿಟ್ಟಿದ್ದಾರೆ. ತಮ್ಮ ವಯಸ್ಸಿನ ಭಾರವನ್ನು ಮಕ್ಕಳ ಹೆಗಲಿಗೆ ದಾಟಿಸಿದ್ದು ಅವರಿಗೆ ಗೊತ್ತೇ ಆಗಿಲ್ಲ.

ಎಲೆನಾಳ ಸೈಕಲ್ಲಿನ ಪ್ರಸಂಗ ನೋಡಿ. ವೆಂಡಿ ಔಷಧಿ ಅಂಗಡಿಯಲ್ಲಿ ಸಣ್ಣಪುಟ್ಟದನ್ನು ಕದಿಯುವ ಹುಡುಗಿ. ಮಗಳು ಸೈಕಲ್ ತುಳಿದುಕೊಂಡು ಗಾಳಿಗೆ ಮುಖವೊಡ್ಡಿ ಹೋಗುವುದನ್ನು ತಾಯಿ ಒಮ್ಮೆ ದೂರದಿಂದ ನೋಡುತ್ತಾಳೆ. ಆಕೆಯ ಮುಖದಲ್ಲಿ ಅಕ್ಕರೆ ಇದೆ, ಅದರ ಕೆಳಗೆ ಹೊಟ್ಟೆಕಿಚ್ಚೂ ಇದೆ. ಜೋನ್ ಆಲನ್ ಎರಡನ್ನೂ ಒಟ್ಟಿಗೆ ತೋರಿಸುತ್ತಾರೆ. ಮತ್ತೊಂದು ದಿನ ಎಲೆನಾ ತಾನೇ ಸೈಕಲ್ ಏರಿ ಹೊರಡುತ್ತಾಳೆ, ಅಂಗಡಿಗೆ ಹೋಗುತ್ತಾಳೆ, ತುಟಿಗೆ ಹಚ್ಚುವ ಬಣ್ಣವನ್ನು ಕದಿಯುತ್ತಾಳೆ, ಸಿಕ್ಕಿಬೀಳುತ್ತಾಳೆ. ದುಡ್ಡಿಲ್ಲದೆ ಕದ್ದವಳಲ್ಲ. ಮಗಳ ವಯಸ್ಸನ್ನು ಒಂದು ಗಳಿಗೆ ಮೈಮೇಲೆ ಹಾಕಿಕೊಂಡು ನೋಡಬೇಕಿತ್ತು, ಅಷ್ಟೆ. ಮಗಳು ಕದ್ದಾಗ ತಿದ್ದಬೇಕಾದವಳು ಮಗಳ ಕಳ್ಳತನವನ್ನೇ ಅನುಕರಿಸುತ್ತಾಳೆ. ಇನ್ನು ಆ ಹುಡುಗಿಯನ್ನು ತಿದ್ದುವವರು ಯಾರು? ಎಲೆನಾಳ ಬಗ್ಗೆ ನನಗೆ ಸಿಟ್ಟು ಬರುವುದಿಲ್ಲ. ಇಡೀ ಚಿತ್ರದಲ್ಲಿ ನನ್ನ ಮನಸ್ಸು ಅತಿ ಹೆಚ್ಚು ಹೋಗುವುದು ಅವಳ ಕಡೆಗೇ. ಬಟ್ಟೆ, ಮನೆ, ಅಡುಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಇಟ್ಟುಕೊಂಡ ಹೆಂಗಸು, ತನಗೇನು ಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳದೆ ಇಪ್ಪತ್ತು ವರ್ಷ ಕಳೆದರೆ ಹೀಗೆ ಒಂದು ಮಧ್ಯಾಹ್ನ ಸೈಕಲ್ ಏರುತ್ತಾಳೆ.

ಬೆನ್‌ನದು ಬೇರೆ ಬಗೆ. ಕಚೇರಿಯಲ್ಲಿ ತನ್ನನ್ನು ಹಿಂದಿಕ್ಕುತ್ತಿರುವ ಸಹೋದ್ಯೋಗಿಯ ಬಗ್ಗೆ ಒಳಗೊಳಗೇ ಕುದಿಯುತ್ತಾನೆ. ಜೇನಿಯ ಹಾಸಿಗೆಯಲ್ಲಿ ಮಲಗಿಕೊಂಡು ಅದನ್ನೇ ಹೇಳುತ್ತಾನೆ, ಗಾಲ್ಫ್ ಬಗ್ಗೆ ಹೇಳುತ್ತಾನೆ. ಆಕೆ ತಣ್ಣಗೆ, ನನಗೆ ಆಗಲೇ ಒಬ್ಬ ಗಂಡ ಇದ್ದಾನೆ, ಇನ್ನೊಬ್ಬನ ಅಗತ್ಯವಿಲ್ಲ ಎನ್ನುತ್ತಾಳೆ. ಹೊಸ ಬದುಕು ಎಂದುಕೊಂಡು ಹೋದಲ್ಲಿ ಬೆನ್ ತನ್ನ ಹಳೆಯ ಬದುಕನ್ನೇ ಹೊತ್ತುಕೊಂಡು ಹೋಗಿದ್ದಾನೆ ಎಂಬುದು ಆ ಒಂದು ಮಾತಿನಲ್ಲಿ ಬಯಲಾಗುತ್ತದೆ. ಮಗ ಪಾಲ್ ಹಬ್ಬಕ್ಕೆಂದು ಊರಿಗೆ ಬಂದಾಗ ಕಾರಿನಲ್ಲಿ ಕೂರಿಸಿಕೊಂಡು ಪ್ರಾಯದ ವಿಷಯ ಬೋಧಿಸಲು ತೊಡಗುತ್ತಾನೆ. ಮಾತು ತಡವರಿಸಿ ಎಲ್ಲೆಲ್ಲಿಗೋ ಹೋಗುತ್ತದೆ. ನನಗೆ 16 ವಯಸ್ಸಾಗಿದೆ ಅಪ್ಪ ಎಂದು ಮಗನೇ ನೆನಪಿಸಬೇಕಾಗುತ್ತದೆ. ಮಕ್ಕಳ ವಯಸ್ಸೆಷ್ಟು ಎಂಬುದೇ ಮರೆತುಹೋಗುವಷ್ಟು ತನ್ನೊಳಗೆ ಮುಳುಗಿದ ಮನುಷ್ಯ ಅವನು.

ಜೇನಿ ವೆಂಡಿಗೆ ಬುದ್ಧಿ ಹೇಳುವ ದೃಶ್ಯವೂ ಹೀಗೇ. ತನ್ನ ಕಿರಿಯ ಮಗನ ಜೊತೆ ಆಡಬಾರದ ಆಟಕ್ಕೆ ಇಳಿದ ಆ ಹುಡುಗಿಗೆ ಆಕೆ ದೇಹದ ಪಾವಿತ್ರ್ಯದ ಬಗ್ಗೆ, ಸಮೋವಾ ದ್ವೀಪದಲ್ಲಿ ಹರೆಯದ ಮಕ್ಕಳನ್ನು ಕಾಡಿಗೆ ಕಳಿಸುವ ಬಗ್ಗೆ ಉಪನ್ಯಾಸ ಕೊಡುತ್ತಾಳೆ. ಮಾನವಶಾಸ್ತ್ರದ ಪುಸ್ತಕ ಓದಿ ಬಂದ ಮಾತು. ಪಕ್ಕದ ಮನೆಯ ಮಗುವನ್ನು ಎದುರು ಕೂರಿಸಿಕೊಂಡು, ಏನಾಯಿತು ಮಗಳೇ ಎಂದು ಕೇಳುವ ಮಾತು ಮಾತ್ರ ಅವಳಲ್ಲಿಲ್ಲ. ಓದಿದವರೇ ತುಂಬಿರುವ ಈ ಊರಿನಲ್ಲಿ ಎಲ್ಲದಕ್ಕೂ ಒಂದು ಸಿದ್ಧಾಂತ ಸಿಗುತ್ತದೆ. ಉದ್ದ ಕೂದಲು ಬಿಟ್ಟ ಪಾದ್ರಿಯೊಬ್ಬ ಕೀಲಿ ಪಾರ್ಟಿಗೂ ಬರುತ್ತಾನೆ. ಕುರುಬನಿಗೂ ಒಮ್ಮೊಮ್ಮೆ ಕುರಿಗಳ ಸಂಗ ಬೇಕಾಗುತ್ತದೆ ಎಂದು ಎಲೆನಾಳಿಗೆ ಸಮಜಾಯಿಷಿ ಕೊಡುತ್ತಾನೆ. ಆ ಮಾತಿನ ಅರ್ಥ ತಿಳಿಯದಿರಲು ಆದಷ್ಟು ಪ್ರಯತ್ನಿಸುತ್ತೇನೆ ಎಂದು ಆಕೆ ಉತ್ತರಿಸಿದಾಗ ಪಾದ್ರಿಯ ಮುಖ ಇಳಿಯುತ್ತದೆ. ಊರಿಗೆ ದೊಡ್ಡವನಾಗಿರಬೇಕಾದ ಕೊನೆಯ ಮನುಷ್ಯನೂ ಹೀಗೆ ಸಾಲಿನಲ್ಲಿ ಬಂದು ನಿಂತ ಮೇಲೆ ಇನ್ನು ಉಳಿದವರು ಯಾರು?

ಮಕ್ಕಳು ಉಳಿದರು. ಹಬ್ಬದ ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳು ಎಂದು ಅಪ್ಪ ವೆಂಡಿಗೆ ಹೇಳುತ್ತಾನೆ. ಆ ಹುಡುಗಿ ಕಣ್ಣುಮುಚ್ಚಿ, ಬಿಳಿಯರು ಮೂಲನಿವಾಸಿಗಳನ್ನು ಕೊಂದು ನೆಲ ಕಸಿದುಕೊಳ್ಳಲು ಅವಕಾಶ ಕೊಟ್ಟದ್ದಕ್ಕೆ, ಏಷ್ಯಾದ ಮಕ್ಕಳ ಮೇಲೆ ನೇಪಾಮ್ ಬೀಳುತ್ತಿರುವಾಗ ನಾವಿಲ್ಲಿ ಹೊಟ್ಟೆ ಬಿರಿಯೆ ತಿನ್ನುತ್ತಿರುವುದಕ್ಕೆ ದೇವರಿಗೆ ಕೃತಜ್ಞತೆ ಸಲ್ಲಿಸುತ್ತಾಳೆ. ಅಪ್ಪ ತಡೆಯುತ್ತಾನೆ. ವೆಂಡಿಯ ಮಾತಿನಲ್ಲಿ ಹರೆಯದ ಉದ್ಧಟತನ ಇದೆ, ನಿಜ. ಆದರೂ ಆ ಮೇಜಿನ ಸುತ್ತ ಕೂತವರಲ್ಲಿ ಹೊರಗಿನ ಜಗತ್ತಿನ ಬಗ್ಗೆ ಒಂದು ಮಾತು ಆಡಿದವಳು ಅವಳೊಬ್ಬಳೇ.

ಮಿಡ್‌ಲೈಫ್ ಕ್ರೈಸಿಸ್ ಎಂಬ ಮಾತಿಗೆ ಈ ಕಥೆಯ ಕಾಲದಲ್ಲಿ ಇನ್ನೂ ಎಂಟು ವರ್ಷ ವಯಸ್ಸು. ಕೆನಡಾ ಮೂಲದ ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ 1965ರಲ್ಲಿ ಪ್ರಕಟಿಸಿದ ಒಂದು ಲೇಖನದಿಂದ ಅದು ಚಾಲ್ತಿಗೆ ಬಂತು. ಇವತ್ತು ಆ ಮಾತು ಕೇಳಿದರೆ ನಮಗೆ ಹೊಸ ಬೈಕು, ತಲೆಗೂದಲಿನ ಬಣ್ಣ, ಕಚೇರಿಯ ಪ್ರೇಮ ಇಂಥವೇ ನೆನಪಾಗುತ್ತವೆ. ಜಾಕ್ಸ್ ಬರೆದದ್ದು ಸಾವಿನ ಬಗ್ಗೆ. ಲೇಖನದ ಶೀರ್ಷಿಕೆಯಲ್ಲೇ ಸಾವು ಮೊದಲು ಬರುತ್ತದೆ. ಅದುವರೆಗೆ ಊರಿಗೆಲ್ಲ ಬರುವ ಸಾವು ತನಗೂ ಬರುತ್ತದೆ ಎಂಬುದು ಮೂವತ್ತೈದು ದಾಟಿದ ಮೇಲೆ ಮನುಷ್ಯನಿಗೆ ಮೈಯೊಳಗೆ ತಾಕುತ್ತದೆ, ಅದನ್ನು ದಿಟ್ಟಿಸಲಾರದವನು ಮತ್ತೆ ಹುಡುಗನಾಗಲು ಓಡುತ್ತಾನೆ ಎಂಬುದು ಅವರ ಒಟ್ಟು ವಾದ. ಬೆನ್, ಎಲೆನಾ, ಜೇನಿ, ಜಿಮ್ ನಾಲ್ವರೂ ಹೀಗೆ ಓಡುತ್ತಿರುವವರು. ಆ ಕೀಲಿಗಳ ಬಟ್ಟಲಿನ ಸುತ್ತ ನಿಂತವರ ಮುಖಗಳಲ್ಲಿ ಕಾಮ ಬಹಳ ಕಡಿಮೆ. ಎಲ್ಲರ ಮುಖದಲ್ಲೂ ಹೆದರಿಕೆ. ಜೇನಿ ಒಬ್ಬ ಎಳೆಯನ ಕೀಲಿ ಎತ್ತಿಕೊಂಡಾಗ ಕುಡಿದ ಬೆನ್ ತಡೆಯಲು ಹೋಗಿ ಮುಗ್ಗರಿಸಿ ಬೀಳುತ್ತಾನೆ, ರಾತ್ರಿಯನ್ನು ಬಚ್ಚಲುಮನೆಯಲ್ಲಿ ಕಳೆಯುತ್ತಾನೆ. ಕೊನೆಗೆ ಉಳಿದವರು ಎಲೆನಾ ಮತ್ತು ಜಿಮ್. ಇಬ್ಬರೂ ಮೋಸ ಹೋದವರು. ಕಾರಿನ ಮುಂದಿನ ಸೀಟಿನಲ್ಲಿ ಅವರ ನಡುವೆ ನಡೆದದ್ದು ಕ್ಷಣದಲ್ಲಿ ಮುಗಿಯುತ್ತದೆ. ಜಿಮ್ ಕ್ಷಮೆ ಕೇಳುವವನಂತೆ ಕೂರುತ್ತಾನೆ. ಇಷ್ಟಕ್ಕಾಗಿ ಇಷ್ಟೆಲ್ಲ.

ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ಮುಖ್ಯವಾದ ದೃಶ್ಯ ಇದಕ್ಕಿಂತ ಮೊದಲೇ ಬರುತ್ತದೆ. ಒಂದು ಮಧ್ಯಾಹ್ನ ಬೆನ್ ಜೇನಿಯ ಮನೆಗೆ ಬಂದಿದ್ದಾನೆ. ಆಕೆ ಅವನನ್ನು ಅಲ್ಲೇ ಬಿಟ್ಟು ಕಾರು ಹತ್ತಿ ಎಲ್ಲಿಗೋ ಹೋಗಿಬಿಡುತ್ತಾಳೆ. ಖಾಲಿ ಮನೆಯಲ್ಲಿ ಅಲೆಯುತ್ತಾ ಅವನು ಬೇಸ್‌ಮೆಂಟಿಗೆ ಇಳಿದರೆ ಅಲ್ಲಿ ತನ್ನ ಮಗಳು ವೆಂಡಿ ಮೈಕಿಯ ಜೊತೆ. ವೆಂಡಿಯ ಮುಖಕ್ಕೆ ನಿಕ್ಸನ್‌ನ ಮುಖವಾಡ. ಬೆನ್ ಕೂಗಾಡುತ್ತಾನೆ. ನೀನಿಲ್ಲಿ ಏನು ಮಾಡುತ್ತಿದ್ದೀಯ ಎಂದು ಯಾರಾದರೂ ಅವನನ್ನೇ ಕೇಳಿದರೆ ಹೇಳಲು ಉತ್ತರ ಇಲ್ಲದ ಮನುಷ್ಯನ ಕೂಗಾಟ ಅದು. ಆಮೇಲೆ ಅಪ್ಪ ಮಗಳು ಎಲೆ ಉದುರಿದ ಕಾಡಿನ ನಡುವೆ ಮನೆಗೆ ನಡೆಯುತ್ತಾರೆ. ಸಿಟ್ಟು ಇಳಿದಿದೆ. ಕಾಲ್ಬೆರಳು ಕೊರೆಯುತ್ತಿದೆಯಾ ಎಂದು ಬೆನ್ ಕೇಳುತ್ತಾನೆ. ಹ್ಞೂಂ ಅನ್ನುತ್ತಾಳೆ. ಅಷ್ಟು ದೊಡ್ಡ ಮಗಳನ್ನು ಎತ್ತಿಕೊಂಡು ನಡೆಯುತ್ತಾನೆ. ಅವಳು ಅವನ ಕೊರಳಿಗೆ ಕೈ ಹಾಕುತ್ತಾಳೆ.

ಒಂದು ನಿಮಿಷದ ದೃಶ್ಯ, ಅಷ್ಟೆ. ಆ ಒಂದು ನಿಮಿಷ ಅವನು ಅಪ್ಪ, ಅವಳು ಮಗು. ಯಾರ ವಯಸ್ಸು ಯಾರ ಬಳಿ ಇರಬೇಕೋ ಅವರ ಬಳಿ ಇದೆ. ಇದನ್ನು ನೋಡುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ. ನನಗೂ ಹರೆಯದ ಮಗಳಿದ್ದಾಳೆ. ಮಕ್ಕಳನ್ನು ಕೊನೆಯ ಸಲ ಎತ್ತಿಕೊಂಡದ್ದು ಯಾವತ್ತು ಎಂದು ಯಾವ ತಂದೆತಾಯಿಗೂ ನೆನಪಿರುವುದಿಲ್ಲ, ಏಕೆಂದರೆ ಅದು ಕೊನೆಯದು ಎಂದು ಆಗ ತಿಳಿದಿರುವುದಿಲ್ಲ.

ಇಲ್ಲಿ ಆಂಗ್ ಲೀ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಈ ಕಥೆ ನಡೆಯುವ 1973ರಲ್ಲಿ ಅವರು ತೈವಾನಿನಲ್ಲಿದ್ದ 19ರ ಹುಡುಗ. ಅಪ್ಪ ಶಾಲೆಯ ಮುಖ್ಯೋಪಾಧ್ಯಾಯ, ಮಗ ಎರಡು ಸಲ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದವನು. ಆಮೇಲೆ ಅಮೆರಿಕಕ್ಕೆ ಬಂದು ಸಿನಿಮಾ ಕಲಿತರು. ಕಲಿತ ಮೇಲೂ ಆರು ವರ್ಷ ಕೆಲಸ ಸಿಗಲಿಲ್ಲ. ನ್ಯೂಯಾರ್ಕ್ ಹೊರವಲಯದ ಮನೆಯಲ್ಲಿ ಅಡುಗೆ ಮಾಡುತ್ತಾ ಮಕ್ಕಳನ್ನು ನೋಡಿಕೊಂಡರು. ವಿಜ್ಞಾನಿಯಾಗಿದ್ದ ಹೆಂಡತಿಯ ಸಂಬಳದಲ್ಲಿ ಸಂಸಾರ ನಡೆಯಿತು. ಅಂದರೆ ಆ ಸಬರ್ಬಿನ ಹಗಲುಗಳನ್ನು, ಗಂಡಸರು ರೈಲು ಹತ್ತಿ ಹೋದ ಮೇಲೆ ಉಳಿಯುವ ನಿಶ್ಶಬ್ದವನ್ನು, ಅವರು ಒಳಗಿನಿಂದ ಬಲ್ಲವರು. ಅವರ ಮೊದಲ ಚಿತ್ರಗಳೆಲ್ಲ ಅಪ್ಪಂದಿರ ಬಗ್ಗೆ, ಮಕ್ಕಳು ಮನೆ ಬಿಡುವುದರ ಬಗ್ಗೆ, ಊಟದ ಮೇಜಿನ ಸುತ್ತಲಿನ ಮೌನಗಳ ಬಗ್ಗೆ. ಅಮೆರಿಕದ ನಿರ್ದೇಶಕನೊಬ್ಬ ಇದೇ ಕಾದಂಬರಿ ಎತ್ತಿಕೊಂಡಿದ್ದರೆ ಊರಿನ ಕಪಟವನ್ನು ಬಯಲಿಗೆಳೆಯುವ ಚಿತ್ರ ಮಾಡುತ್ತಿದ್ದನೇನೋ ಎಂದು ನನ್ನ ಊಹೆ. ಲೀ ಯಾರನ್ನೂ ಬಯಲಿಗೆಳೆಯಲು ಬಂದವರಲ್ಲ. ಮನೆತನ ಒಡೆಯುವುದನ್ನು ನೋಡಿ ದುಃಖಿಸುವ ಏಷ್ಯಾದ ಹಿರಿಯನ ಕಣ್ಣು ಅವರದು. ಮೈಕಲ್ ಡ್ಯಾನಾ ಅವರ ಸಂಗೀತದಲ್ಲಿ ಇಂಡೋನೇಷ್ಯಾದ ಗಮೆಲಾನ್ ಕೇಳಿಬರುವುದು ಮೊದಲು ವಿಚಿತ್ರ ಅನ್ನಿಸುತ್ತದೆ. ಆ ಕಂಚಿನ ನಾದ ಕಾಡು, ಹಿಮ, ರೈಲುಹಳಿಗಳ ಮೇಲೆ ಹರಡಿದಾಗ ಕನೆಕ್ಟಿಕಟ್ ಒಂದು ಪುರಾಣದ ಊರಿನಂತೆ ತೋರುತ್ತದೆ.

ಹೆಪ್ಪುಗಟ್ಟುವ ಮಳೆಯ ಬಗ್ಗೆ ನಮ್ಮೂರಿನವರಿಗೆ ಸ್ವಲ್ಪ ಹೇಳಬೇಕು. ಅದು ಹಿಮಪಾತ ಅಲ್ಲ. ಮೇಲಿನ ಬೆಚ್ಚನೆಯ ಗಾಳಿಯಿಂದ ಮಳೆಯಾಗಿಯೇ ಇಳಿಯುವ ಹನಿ, ನೆಲದ ಹತ್ತಿರದ ಕೊರೆಯುವ ಗಾಳಿಯಲ್ಲಿ ಶೂನ್ಯಕ್ಕಿಂತ ಕೆಳಗೆ ತಣಿಯುತ್ತದೆ, ಆದರೂ ನೀರಾಗಿಯೇ ಇರುತ್ತದೆ. ಯಾವುದನ್ನಾದರೂ ಮುಟ್ಟಿದ ಕ್ಷಣ ಗಾಜಾಗುತ್ತದೆ. ಎಲೆ, ಕೊಂಬೆ, ಬೇಲಿ, ತಂತಿ ಎಲ್ಲದಕ್ಕೂ ಪಾರದರ್ಶಕ ಹೊದಿಕೆ. ಕಣ್ಣಿಗೆ ಇದಕ್ಕಿಂತ ಚೆಂದದ್ದು ಬೇರೊಂದಿಲ್ಲ. ಆ ಚೆಂದದ ಭಾರಕ್ಕೆ ಕೊಂಬೆ ಮುರಿಯುತ್ತದೆ, ತಂತಿ ಹರಿಯುತ್ತದೆ. 1973ರ ಡಿಸೆಂಬರಿನಲ್ಲಿ ಕನೆಕ್ಟಿಕಟ್‌ಗೆ ನಿಜವಾಗಿಯೂ ಅಂಥ ಮಳೆ ಬಡಿದಿತ್ತು. ಕಥೆಯಲ್ಲಿ ಅದು ಹಬ್ಬದ ವಾರಾಂತ್ಯಕ್ಕೇ ಬಂದಿದೆ.

ಹಾರ್ಟ್‌ಫರ್ಡಿನ ವಿಮಾ ಕಂಪನಿಗಳ ಸಾಫ್ಟ್‌ವೇರ್ ಕೆಲಸಕ್ಕೆಂದು ಕನೆಕ್ಟಿಕಟ್‌ಗೆ ಬಂದ ಕನ್ನಡಿಗರು ಬಹಳ. ನಾವೂ ಹಾಗೆ ಬಂದವರು. 2011ರ ಅಕ್ಟೋಬರ್ ಕೊನೆಯಲ್ಲಿ, ಮರಗಳು ಇನ್ನೂ ಎಲೆ ಹೊತ್ತಿರುವಾಗಲೇ ಒದ್ದೆ ಹಿಮ ಬಿದ್ದು ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಕರೆಂಟು ಹೋಯಿತು. ಎಷ್ಟೋ ಕಡೆ ವಾರ ಕಳೆದರೂ ಬರಲಿಲ್ಲ. ರಾತ್ರಿಯಿಡೀ ಕೊಂಬೆಗಳು ಮುರಿಯುವ ಸದ್ದು. ಗ್ಯಾಸ್ ಒಲೆ ಇದ್ದವರ ಮನೆಯಲ್ಲಿ ನಾಲ್ಕೈದು ಸಂಸಾರಗಳು ಸೇರಿ ಅನ್ನ ಸಾರು ಮಾಡಿಕೊಂಡು, ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಮಲಗಿಸಿದೆವು. ಆ ದಿನಗಳಲ್ಲಿ ದೊಡ್ಡವರು ತಮ್ಮತಮ್ಮ ಫೋನು, ಬಡ್ತಿ, ಮನೆಯ ಸಾಲ ಎಲ್ಲವನ್ನೂ ಬಿಟ್ಟು ಮಕ್ಕಳ ಕಾಲಿಗೆ ಸಾಕ್ಸ್ ಇದೆಯಾ, ಮೈ ಬೆಚ್ಚಗಿದೆಯಾ ಎಂದು ನೋಡುತ್ತಾ ಕೂತಿದ್ದರು. ಕರೆಂಟು ಬಂದ ಮೇಲೆ ಎಲ್ಲರೂ ಮತ್ತೆ ಅವರವರ ಕೋಣೆಗೆ ಹೋದೆವು. ನಮ್ಮಲ್ಲಿ ಕೀಲಿಗಳ ಬಟ್ಟಲು ಇಲ್ಲ. ಮಕ್ಕಳು ಎದುರಿಗಿದ್ದೂ ನಾವು ಮನೆಯಲ್ಲಿಲ್ಲದ ಸಂಜೆಗಳು ಬೇಕಾದಷ್ಟಿವೆ. ಹಾಗಾಗಿಯೇ ಇದು ಬೇರೆಯವರ ಊರಿನ ಕಥೆ ಎಂದು ಕೈತೊಳೆದುಕೊಳ್ಳಲು ನನಗಾಗುವುದಿಲ್ಲ.

ಮೈಕಿಯ ಸಾವಿಗೆ ಬರುತ್ತೇನೆ. ಎಲೈಜಾ ವುಡ್ ಮಾಡಿದ ಈ ಹುಡುಗ ಸದಾ ಎಲ್ಲೋ ಕಳೆದುಹೋದಂತಿರುವವನು. ತರಗತಿಯಲ್ಲಿ ಅವನು ಅಣುಗಳ ಬಗ್ಗೆ ಮಾತಾಡುತ್ತಾನೆ. ಏನನ್ನಾದರೂ ಮೂಸಿದಾಗ ಅದರ ಅಣುಗಳು ನಮ್ಮೊಳಗೆ ಬರುತ್ತವೆ, ಹೀಗೆ ನಾವು ಹೊರಗಿನ ಎಲ್ಲದರ ಜೊತೆ ಬೆರೆತಿದ್ದೇವೆ, ಚಳಿಗೆ ಎಲ್ಲ ಹೆಪ್ಪುಗಟ್ಟಿದಾಗ ಮಾತ್ರ ಗಾಳಿ ಶುದ್ಧ ಎಂಬುದು ಅವನ ತರ್ಕ. ಆ ಶುದ್ಧ ಗಾಳಿಯನ್ನು ನೋಡಲೆಂದೇ ಅವನು ರಾತ್ರಿ ಮನೆಯಿಂದ ಹೊರಡುತ್ತಾನೆ. ಅಪ್ಪ ಅಮ್ಮ ಪಾರ್ಟಿಯಲ್ಲಿದ್ದಾರೆ. ಬೇಡ, ಹೊರಗೆ ಹೋಗಬೇಡ ಎನ್ನಲು ಮನೆಯಲ್ಲಿ ಯಾರೂ ಇಲ್ಲ. ಗಾಜಾದ ರಸ್ತೆಯಲ್ಲಿ ಜಾರುತ್ತಾ ಕುಣಿಯುತ್ತಾ ಹೋಗುತ್ತಾನೆ. ಆ ರಾತ್ರಿ ಇಡೀ ಊರಿನಲ್ಲಿ ಸಂತೋಷವಾಗಿದ್ದವನು ಅವನೊಬ್ಬನೇ. ದಣಿದು ರಸ್ತೆಯಂಚಿನ ಲೋಹದ ತಡೆಗಂಬಿಯ ಮೇಲೆ ಕೂರುತ್ತಾನೆ. ಮುರಿದ ವಿದ್ಯುತ್ ತಂತಿ ಆ ಕಂಬಿಯನ್ನು ತಾಕುತ್ತದೆ.

ದೊಡ್ಡವರ ಪಾಪಕ್ಕೆ ಹುಡುಗನ ಬಲಿ ಎಂದು ಇದನ್ನು ಓದಿದವರಿದ್ದಾರೆ. ನನಗೆ ಆ ಓದು ಒಪ್ಪಿಗೆಯಿಲ್ಲ. ಲೀ ಆ ತಂತಿಯನ್ನು ಶಿಕ್ಷೆಯಂತೆ ತೋರಿಸುವುದಿಲ್ಲ. ಮಳೆಗೆ ಯಾರ ಮೇಲೂ ಸಿಟ್ಟಿಲ್ಲ, ಅದು ಯಾರನ್ನೂ ಹುಡುಕಿಕೊಂಡು ಬಂದಿಲ್ಲ. ಆ ರಾತ್ರಿ ಜಿಮ್ ಮತ್ತು ಜೇನಿ ಮನೆಯಲ್ಲೇ ಟೀವಿ ನೋಡುತ್ತಾ ಕೂತಿದ್ದರೂ ಮೈಕಿ ಹಿಂಬಾಗಿಲಿನಿಂದ ಹೊರಟಿರಬಹುದಿತ್ತು. ಶಿಕ್ಷೆ ಎಂದು ಕರೆದುಬಿಟ್ಟರೆ ನಮಗೆ ಒಂದು ಸಮಾಧಾನ ಸಿಗುತ್ತದೆ: ನಾವು ಅಂಥ ತಪ್ಪು ಮಾಡಿಲ್ಲ, ನಮ್ಮ ಮಕ್ಕಳಿಗೆ ಏನೂ ಆಗದು. ಈ ಸಿನಿಮಾ ಆ ಸಮಾಧಾನವನ್ನು ಕೊಡುವುದಿಲ್ಲ. ಯಯಾತಿಗೂ ಇವರಿಗೂ ಇರುವ ವ್ಯತ್ಯಾಸ ಇಲ್ಲೇ ಕಾಣುವುದು. ಉಂಡಷ್ಟೂ ಆಸೆ ಬೆಳೆಯುತ್ತದೆಯೇ ಹೊರತು ತೀರುವುದಿಲ್ಲ ಎಂದು ಅರಿತ ಯಯಾತಿ ಪೂರುವಿಗೆ ಯೌವನವನ್ನೂ ರಾಜ್ಯವನ್ನೂ ಒಪ್ಪಿಸಿ ಕಾಡಿಗೆ ಹೊರಡುತ್ತಾನೆ. ಮಹಾಭಾರತ ಅವನಿಗೆ ಮಗನ ಸಾಲ ತೀರಿಸುವ ಅವಕಾಶ ಕೊಟ್ಟಿದೆ. ಜಿಮ್ ಕಾರ್ವರ್‌ಗೆ ಅದಿಲ್ಲ.

ಬೆಳಗಿನ ಜಾವ ಬೆನ್ ಕಾರಿನಲ್ಲಿ ಮನೆಯ ಕಡೆ ಬರುವಾಗ ದಾರಿಯಂಚಿನಲ್ಲಿ ಮೈಕಿಯನ್ನು ಕಾಣುತ್ತಾನೆ. ಎತ್ತಿಕೊಂಡು ಕಾರ್ವರ್‌ಗಳ ಮನೆಗೆ ತರುತ್ತಾನೆ. ಮಗಳನ್ನು ಎತ್ತಿಕೊಂಡು ನಡೆದ ಅದೇ ತೋಳುಗಳಲ್ಲಿ ಈಗ ಬೇರೆಯವರ ಮಗ. ಮೊದಲ ಸಲ ನೋಡುವಾಗ ಈ ಎರಡು ದೃಶ್ಯಗಳ ನಂಟು ಹೊಳೆಯದಿರಬಹುದು. ಲೀ ಅದನ್ನು ಎತ್ತಿ ಹೇಳುವುದಿಲ್ಲ. ಆ ಮನೆಯಲ್ಲಿ ಆಗ ಎಲೆನಾ ಇದ್ದಾಳೆ, ವೆಂಡಿ ಇದ್ದಾಳೆ. ಯಾರು ಯಾಕೆ ಅಲ್ಲಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಜಿಮ್ ಕುಸಿಯುತ್ತಾನೆ. ಸ್ಯಾಂಡಿ ಕಲ್ಲಿನಂತೆ ನಿಂತಿದ್ದಾನೆ, ವೆಂಡಿ ಹೋಗಿ ಅವನನ್ನು ತಬ್ಬಿಕೊಳ್ಳುತ್ತಾಳೆ. ಅಷ್ಟು ದೊಡ್ಡವರಿರುವ ಮನೆಯಲ್ಲಿ ಆ ಹುಡುಗನನ್ನು ಅಪ್ಪಿಕೊಳ್ಳಬೇಕು ಎಂದು ತೋಚಿದ್ದು ಆ 14ರ ಹುಡುಗಿಗೆ.

ಎರಡು ವರ್ಷದ ನಂತರ ಬಂದ ‘ಅಮೆರಿಕನ್ ಬ್ಯೂಟಿ’ ಇದೇ ನೆಲದ ಮೇಲೆ ನಿಂತು ಐದು ಆಸ್ಕರ್ ಗೆದ್ದಿತು. ಅದರ ನಾಯಕನೂ ನಲವತ್ತು ದಾಟಿ ಕೆಲಸ ಬಿಟ್ಟು ಹುಡುಗನಾಗಲು ಹೊರಟವನು. ಚೆನ್ನಾಗಿ ಮಾಡಿದ ಸಿನಿಮಾ, ಕಾನ್ರಾಡ್ ಹಾಲ್ ಅವರ ಛಾಯಾಗ್ರಹಣ ಕಣ್ಣಿಗೆ ಹಬ್ಬ. ಆದರೆ ಅಲ್ಲಿ ಪ್ರೇಕ್ಷಕ ಅವನ ಬಿಡುಗಡೆಯ ಜೊತೆ ಖುಷಿಪಡುವಂತೆ ಕಥೆ ಕಟ್ಟಲಾಗಿದೆ. ಅವನ ಮಗಳು ಏನನ್ನು ಕಳೆದುಕೊಂಡಳು ಎಂಬುದು ಬದಿಗೆ ಸರಿಯುತ್ತದೆ. ಜನ ಅದನ್ನು ಮೆಚ್ಚಿ ಇದನ್ನು ಬಿಟ್ಟದ್ದು ನನಗೆ ಆಶ್ಚರ್ಯವಲ್ಲ, ಬೇಸರ ಮಾತ್ರ ಇದೆ.

‘ದಿ ಐಸ್ ಸ್ಟಾರ್ಮ್’ ಮುಗಿಯುವುದು ರೈಲು ನಿಲ್ದಾಣದಲ್ಲಿ. ಹಿಮಕ್ಕೆ ಸಿಕ್ಕಿ ರಾತ್ರಿಯಿಡೀ ಹಳಿಯ ಮೇಲೆ ನಿಂತಿದ್ದ ರೈಲು ಬೆಳಗ್ಗೆ ಬಂದಿದೆ. ಪಾಲ್ ಇಳಿಯುತ್ತಾನೆ. ನ್ಯೂಯಾರ್ಕಿನಲ್ಲಿ ಒಬ್ಬ ಹುಡುಗಿಯನ್ನು ಮೆಚ್ಚಿಸಲು ಹೋಗಿದ್ದವನಿಗೆ ಊರಿನಲ್ಲಿ ನಡೆದದ್ದು ಗೊತ್ತಿಲ್ಲ. ಕಾರಿನಲ್ಲಿ ನಾಲ್ವರೂ ಕೂತ ಮೇಲೆ ಬೆನ್ ಸ್ಟಿಯರಿಂಗ್ ಹಿಡಿದು ಅಳಲು ತೊಡಗುತ್ತಾನೆ. ಕೆವಿನ್ ಕ್ಲೈನ್ ಅದುವರೆಗೆ ನಗೆನಟನ ಲಘುತ್ವದಲ್ಲೇ ಬೆನ್‌ನನ್ನು ನಡೆಸಿಕೊಂಡು ಬಂದಿದ್ದರು. ಆ ಅಳು ಬಂದಾಗ ಅಲ್ಲಿಯವರೆಗಿನ ಲಘುತ್ವವೆಲ್ಲ ಯಾತಕ್ಕಿತ್ತು ಎಂದು ಗೊತ್ತಾಗುತ್ತದೆ. ಎಲೆನಾ ಅವನ ಕಡೆ ಕೈ ಚಾಚುತ್ತಾಳೆ. ಅವರ ಮದುವೆ ಉಳಿಯುತ್ತದೆಂದು ಸಿನಿಮಾ ಹೇಳುವುದಿಲ್ಲ. ನನಗೆ ಉಳಿಯುತ್ತದೆ ಅನ್ನಿಸುವುದೂ ಇಲ್ಲ. ಆದರೆ ಬೆನ್ ಅಳುವುದು ತನಗಾಗಿ ಅಲ್ಲ ಎಂಬುದು ನನಗೆ ಖಚಿತ. ತನ್ನ ಮಗ ಜೀವಂತವಾಗಿ ರೈಲಿನಿಂದ ಇಳಿದ, ಇನ್ನೊಬ್ಬನ ಮಗ ಮನೆಗೆ ನಡೆದು ಬರಲಿಲ್ಲ. ಆ ವ್ಯತ್ಯಾಸಕ್ಕೆ ತನ್ನ ಯೋಗ್ಯತೆ ಏನೂ ಕಾರಣವಲ್ಲ ಎಂದು ತಿಳಿದವನ ಅಳು ಅದು.

ಇಷ್ಟು ಪ್ರೀತಿಸುವ ಚಿತ್ರದ ಜೊತೆ ನನಗೊಂದು ಜಗಳವೂ ಇದೆ. ಅದು ಜೇನಿಯ ವಿಷಯದಲ್ಲಿ. ಸಿಗೋರ್ನಿ ವೀವರ್‌ಗೆ ಈ ಪಾತ್ರಕ್ಕೆ ಬ್ರಿಟನ್ನಿನ ಬಾಫ್ತಾ ಪ್ರಶಸ್ತಿ ಬಂತು, ಬರಲೇಬೇಕಿತ್ತು. ಆದರೂ ಉಳಿದ ಮೂವರಿಗೆ ಕೊಟ್ಟ ಕರುಣೆಯನ್ನು ಲೀ ಆಕೆಗೆ ಪೂರ್ತಿ ಕೊಡಲಿಲ್ಲ. ಬೆನ್‌ಗೆ ಅಳು ಸಿಕ್ಕಿತು, ಎಲೆನಾಳಿಗೆ ಸೈಕಲ್ ಸಿಕ್ಕಿತು, ಜಿಮ್‌ಗೆ ಮಗನ ಮೈಮೇಲೆ ಬಿದ್ದು ಒಡೆದುಹೋಗುವ ಗಳಿಗೆ ಸಿಕ್ಕಿತು. ಜೇನಿ ಆ ರಾತ್ರಿ ಪಾರ್ಟಿಯಿಂದ ಬಂದು ಉಟ್ಟ ಬಟ್ಟೆಯಲ್ಲೇ ಗರ್ಭದೊಳಗಿನ ಮಗುವಿನಂತೆ ಮುದುಡಿ ಮಲಗುತ್ತಾಳೆ. ಮಕ್ಕಳು ಮನೆಯಲ್ಲಿದ್ದಾರೆಯೇ ಎಂದೂ ನೋಡದೆ. ಸುದ್ದಿ ಅವಳಿಗೆ ಮುಟ್ಟುವ ಕ್ಷಣವನ್ನು ಸಿನಿಮಾ ತೋರಿಸುವುದಿಲ್ಲ. ತಣ್ಣಗಿನ ಹೆಂಗಸು ಎಂದು ಅವಳನ್ನು ನೋಡಿದವರು ಹಾಗೇ ಎದ್ದು ಹೋಗಲು ಅದರಿಂದ ಅನುಕೂಲವಾಗಿದೆ. ತಣ್ಣಗಿರುವುದಕ್ಕೂ ಅವಳಿಗೆ ಕಾರಣಗಳಿದ್ದಿರಬೇಕು, ಎಲೆನಾಳಷ್ಟೇ ದೀರ್ಘವಾದ ಮಧ್ಯಾಹ್ನಗಳಿದ್ದಿರಬೇಕು. ಮೈಕಿ ಅವಳ ಮಗನೂ ಹೌದು. ಜಿಮ್ ಮೇಲಿನ ಕೋಣೆಗೆ ಹೋಗಿ ಅವಳನ್ನು ಎಬ್ಬಿಸುವ ಎರಡು ನಿಮಿಷ ಈ ಚಿತ್ರಕ್ಕೆ ಬೇಕಿತ್ತು ಎಂದು ನಾನು ಈಗಲೂ ನಂಬುತ್ತೇನೆ.